ಅಕ್ಕನ ಹೂಂ

ನಮ್ಮಪ್ಪ ಕಥೆ ಹೇಳಬೇಕಾದರೆ ಎದುರಿಗೆ ಯಾರಾದರೊಬ್ಬರು ಹೂಂಗುಟ್ಟಬೇಕಿತ್ತು. ಅದು ದಿಬ್ಬೂರಹಳ್ಳಿಯ ನಮ್ಮ ಹುಳು ಮನೆಯ ಕಾನೂನು. ರೇಷ್ಮೆ ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಕಳೆದು ಎದ್ದ ಹುಳುವಿನ ಹಸಿವಿಗೆ ಹೊತ್ತುಗೊತ್ತಿಲ್ಲ. ಸೊಪ್ಪು ಹಾಕಿ ಹಾಕಿ ಮನೆಮಂದಿಯ ಕೈ ಬಿದ್ದುಹೋಗುತ್ತದೆ. ಆ ಆಯಾಸ ಮರೆಸಲು ಅಪ್ಪ ಕಥೆ ತೆಗೆಯುತ್ತಿದ್ದ. ಒಂದೊಂದು ಮಾತು ಮುಗಿದ ಕಡೆಯೂ ಎದುರಿನಿಂದ ‘ಹೂಂ’ ಬರಬೇಕು. ಒಮ್ಮೆ ತಪ್ಪಿದರೆ ಕತ್ತೆತ್ತಿ ನೋಡುತ್ತಿದ್ದ. ಮತ್ತೊಮ್ಮೆ ತಪ್ಪಿದರೆ “ಕಥೆ ನಿದ್ದೆ ಹೋಯ್ತು” ಎಂದು ಬಾಯಿ ಮುಚ್ಚುತ್ತಿದ್ದ. ಆಮೇಲೆ ಎಷ್ಟು ಗೋಗರೆದರೂ ಅಷ್ಟೇ. ಆ ಬೆಳೆಯ ಗೂಡು ಮಾರ್ಕೆಟ್ಟಿಗೆ ಹೋಗುವ ತನಕ ಆ ಕಥೆ ಏಳುತ್ತಿರಲಿಲ್ಲ.

ಈ ಕಾನೂನನ್ನೇ ಹಿಡಿದು ನಾನೊಂದು ಏಕವ್ಯಕ್ತಿ ನಾಟಕ ಕಟ್ಟಿದೆ. ಒಬ್ಬನೇ ನಟ, ಒಂದು ಹಗ್ಗದ ಮಂಚ, ಹಿಂದೆ ಗೋಡೆಯ ಹಾಗೆ ನಿಲ್ಲಿಸಿದ ಹಳೆಯ ಚಂದ್ರಿಕೆ, ಅಂದರೆ ಹಣ್ಣಾದ ಹುಳು ಗೂಡು ಕಟ್ಟಲೆಂದು ಬಿಡುವ ದೊಡ್ಡ ಬಿದಿರು ತಟ್ಟಿ. ಅಪ್ಪ ತೀರಿಕೊಂಡ ಮರುವರ್ಷ ಶುರು ಮಾಡಿದ ಕೆಲಸ ಇದು. ಅಪ್ಪನ ನೆನಪಿಗಾಗಿ ಎಂದು ಕಂಡವರಿಗೆಲ್ಲ ಹೇಳಿದೆ. ಬೇರೆಯವರ ನಾಟಕಗಳಲ್ಲಿ ದೂತ, ಮಂತ್ರಿ, ಪೊಲೀಸ್ ಪೇದೆ ಆಗಿ ಆಗಿ ಸಾಕಾಗಿದೆ, ನನಗೂ ಒಂದು ಹೆಸರು ಬೇಕು ಎಂಬುದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ತೊಡಕು ಏನೆಂದರೆ ಅಪ್ಪನ ಕಥೆಗಳು ನನಗೆ ಬರುತ್ತಿರಲಿಲ್ಲ. ಆರಂಭ ಗೊತ್ತು, ನಡುವಿನ ತಮಾಷೆ ಗೊತ್ತು, ಆಮೇಲೆ ಎಲ್ಲ ಮಸುಕು. ಚಿಕ್ಕಂದಿನಲ್ಲಿ ಸೊಪ್ಪಿನ ರಾಶಿಗೆ ಒರಗಿ ನಿದ್ದೆ ಹೊಡೆಯುತ್ತಿದ್ದವನು ನಾನು. ಕೊನೆಯ ತನಕ ಎಚ್ಚರವಿದ್ದು ಹೂಂಗುಟ್ಟುತ್ತಿದ್ದವಳು ಅಕ್ಕ.

ಅಕ್ಕನನ್ನು ಚಿಂತಾಮಣಿಯ ಹತ್ತಿರ ಕೊಟ್ಟಿದೆ. ಅಲ್ಲೂ ಹುಳು ಮನೆಯೇ. ಪಾರ್ಶ್ವವಾಯು ಬಡಿದು ಮಾತು ಹೋದ ಮೇಲೆ ಅಪ್ಪ ಕೊನೆಯ ತಿಂಗಳುಗಳನ್ನು ಅವಳ ಮನೆಯಲ್ಲೇ ಕಳೆದ. ನಾನು ಆಗ ನೆಂಟನ ಹಾಗೆ ಬಂದುಹೋಗುತ್ತಿದ್ದೆ. ಈಗ ಫೋನ್ ಹಿಡಿದುಕೊಂಡು ಕಥೆ ಸಂಗ್ರಹಿಸಲು ಹೋದೆ. ಬೆಳೆ ಇಲ್ಲದ ಬಿಡುವಿನ ದಿನಗಳು. ಅಕ್ಕ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಳು. ಫೋನನ್ನು ಮೊರದ ಪಕ್ಕ ಇಟ್ಟು, ದನಿಯ ಗೆರೆ ಸರಿಯಾಗಿ ಏರುತ್ತಿದೆಯೇ ಎಂದು ನೋಡುತ್ತ ನಾನೂ ಕೂತೆ.

ಮೊದಲು ತೆಗೆದದ್ದೇ ಬಾವಿಯ ಕಥೆ. ಊರ ಬಾವಿ ಮುನಿಸಿಕೊಂಡು ನೀರು ಬಿಡುವುದನ್ನು ನಿಲ್ಲಿಸುತ್ತದೆ. ಅದಕ್ಕೆ ಮದುವೆ ವಯಸ್ಸಾಗಿದೆ, ಹೆಣ್ಣು ನೋಡಿ ಎಂದು ಯಾರೋ ಹೇಳುತ್ತಾರೆ. ಗೌಡ ಬುತ್ತಿ ಕಟ್ಟಿಕೊಂಡು ಊರೂರು ಅಲೆದು, ಸಿಕ್ಕ ಬಾವಿಗಳನ್ನೆಲ್ಲ ಇಣುಕಿ “ನಮ್ಮ ಹುಡುಗನ ಮನೆಗೆ ಬರ್ತೀಯೇನಮ್ಮ?” ಎಂದು ಕೇಳುತ್ತಾನೆ. ಗಡಿಯ ಹತ್ತಿರದ ಬಾವಿಗಳು ತೆಲುಗಿನಲ್ಲಿ ಬೈದು ಕಳಿಸುತ್ತವೆ: “ಪೋ ಪೋ, ಮೀ ಬಾವಿಲೋ ನೀಳ್ಳು ಲೇವು.” ನಿಮ್ಮ ಬಾವಿಯಲ್ಲಿ ನೀರೇ ಇಲ್ಲ, ಹೋಗಯ್ಯ ಎಂದು.

ಅಕ್ಕ ಎರಡು ಮಾತು ಹೇಳಿ ನಿಲ್ಲಿಸಿದಳು. “ಹೂಂ ಅನ್ನೋ. ಯಾಕೆ ಸುಮ್ನೆ ಕೂತಿದೀಯ?”

“ಅಕ್ಕ, ನನ್ ದನಿ ಸೇರ್ಕೊಂಡ್ರೆ ರೆಕಾರ್ಡಿಂಗ್ ಕೆಡುತ್ತೆ. ತಲೆ ಆಡಿಸ್ತೀನಿ, ನೀನು ಹೇಳ್ತಾ ಹೋಗು.”

“ತಲೆ ಆಡ್ಸಿದ್ರೆ ಕಥೆ ಬರ್ತದೇನೋ?” ಎಂದು ನಕ್ಕಳು. ಆದರೂ ಹೇಳಿದಳು. ತಡವರಿಸುತ್ತ, ಮಾತು ಮಾತಿಗೂ ನಿಲ್ಲುತ್ತ, ಗೌಡನನ್ನು ಕೊನೆಯ ಬಾವಿಯ ಹತ್ತಿರಕ್ಕೆ ತಂದು ಕೈಚೆಲ್ಲಿದಳು. “ಇಲ್ಲಿಂದಾಚೆಗೆ ಬರ್ತಿಲ್ಲ ಕಣೋ. ಎದುರಿಗೆ ಹೂಂ ಇಲ್ದೆ ಹೋದ್ರೆ ಹೆಂಗೆ?”

“ಪರವಾಗಿಲ್ಲ, ಇನ್ನೊಂದು ಹೇಳು” ಎಂದೆ.

ಹೀಗೆ ಸುಮಾರು ಕಥೆ ಸಿಕ್ಕವು. ಕೊನೆಗೊಂದು ದಿನ ಅವಳೇ “ಅಪ್ಪ ಮಂಚದ ಮೇಲಿದ್ದಾಗ ಏನಾಗ್ತಿತ್ತು ಗೊತ್ತಾ…” ಎಂದು ಶುರು ಮಾಡಿದಳು. ಅಷ್ಟಕ್ಕೇ ಅವಳಿಗೆ ಅಳು ಬಂತು. ನಾನು ರೆಕಾರ್ಡಿಂಗ್ ನಿಲ್ಲಿಸಿ, “ಅದು ಬೇಡ ಅಕ್ಕ. ಅತ್ಕೊಂಡು ಹೇಳಿದ್ರೆ ಉಪಯೋಗಕ್ಕೆ ಬರಲ್ಲ, ಕಥೆಗಳು ಮಾತ್ರ ಸಾಕು” ಎಂದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು “ಯಾವ್ದು ಹೇಳ್ಲಿ?” ಎಂದಳು. ‘ಉಪಯೋಗಕ್ಕೆ ಬರಲ್ಲ’ ಎಂಬ ನನ್ನ ಆ ಮಾತು ಈಗಲೂ ಊಟಕ್ಕೆ ಕೂತಾಗ ಸುಮ್ಮಸುಮ್ಮನೆ ನೆನಪಾಗುತ್ತದೆ.

ತಾಲೀಮು ನಡೆದದ್ದು ಚಿಕ್ಕಬಳ್ಳಾಪುರದಲ್ಲಿ, ಒಂದು ಟೈಲರಿಂಗ್ ಅಂಗಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿ. ನಿರ್ದೇಶಕ ನನ್ನ ಹಳೆಯ ಗೆಳೆಯ. ದೀಪ, ಧ್ವನಿ ಎರಡನ್ನೂ ಅವನೇ ನೋಡಿಕೊಳ್ಳುತ್ತಾನೆ. ಮೊದಲ ಕರಡಿನಲ್ಲಿ ಅಪ್ಪ, ಅಕ್ಕ, ನಾನು ಮೂವರೂ ಇದ್ದೆವು. ಅಕ್ಕನ ಪಾತ್ರಕ್ಕೆ ಹೆಗಲ ಮೇಲೊಂದು ಟವೆಲನ್ನು ಸೆರಗಿನ ಹಾಗೆ ಹಾಕಿಕೊಳ್ಳುತ್ತಿದ್ದೆ. ಅಪ್ಪನಿಂದ ಅಕ್ಕನಿಗೆ, ಅಕ್ಕನಿಂದ ನನಗೆ ಹೊರಳುವಾಗ ಉಸಿರು ಸಾಲುತ್ತಿರಲಿಲ್ಲ, ಟವೆಲು ಜಾರುತ್ತಿತ್ತು. ಒಂದು ವಾರ ನೋಡಿ ನಿರ್ದೇಶಕ ಹೇಳಿದ:

“ಅಕ್ಕನ್ನ ತೆಗೆದ್ಬಿಡಣ ಗುರು. ಅಪ್ಪ, ಮಗ, ಇಬ್ರೇ ಸಾಕು. ಹೂಂ ಅನ್ನೋದು ಮಗನೇ ಆಗ್ಲಿ. ಜನಕ್ಕೆ ಹಿಡಿಯೋದು ಅದು.”

ನಾನು ವಾದ ಮಾಡಬಹುದಿತ್ತು. ಕೈಯಲ್ಲಿದ್ದ ಟೀ ಮುಗಿಯುವುದರೊಳಗೆ ಒಪ್ಪಿಕೊಂಡೆ. ಅಕ್ಕ ಏನೂ ಅಂದುಕೊಳ್ಳುವುದಿಲ್ಲ, ಅವಳು ಯಾವತ್ತು ಏನು ಅಂದುಕೊಂಡಿದ್ದಾಳೆ ಎಂದು ನನಗೆ ನಾನೇ ಹೇಳಿಕೊಂಡೆ.

ಆಮೇಲೆ ಇನ್ನೊಂದು ಪ್ರಶ್ನೆ ಎದ್ದಿತು. ನಾನು ಅಪ್ಪನಾಗಿ ಕಥೆ ಹೇಳುವಾಗ ಹುಡುಗನ ಹೂಂ ಎಲ್ಲಿಂದ ಬರಬೇಕು? ನಾನೇ ಅಂದರೆ ಅಪ್ಪನ ಲಯ ಮುರಿಯುತ್ತದೆ. ಒಂದು ಮಧ್ಯಾಹ್ನ ನಿರ್ದೇಶಕ ಹೆಡ್‌ಫೋನ್ ಹಾಕಿಕೊಂಡು ನನ್ನ ರೆಕಾರ್ಡಿಂಗ್ ಕೇಳುತ್ತಿದ್ದವನು “ಲೋ, ಬಾ ಇಲ್ಲಿ” ಎಂದು ಕೂಗಿದ. ಕೇಳಿದೆ. ಅಕ್ಕ ಒಂದು ಮಾತು ಹೇಳುತ್ತಾಳೆ, ಕಾಯುತ್ತಾಳೆ, ನನ್ನಿಂದ ಏನೂ ಬರುವುದಿಲ್ಲ. ಆಗ ಅವಳೇ ತಗ್ಗಿದ ದನಿಯಲ್ಲಿ ‘ಹೂಂ’ ಎಂದುಕೊಂಡು ಮುಂದಿನ ಮಾತಿಗೆ ಹೋಗುತ್ತಾಳೆ. ಎದುರಿಗೆ ಕೂತಿದ್ದ ನನಗೆ ಅದು ಕೇಳಿಸಿರಲೇ ಇಲ್ಲ.

“ಬಂಗಾರ ಸಿಕ್ತು ಕಣೋ” ಎಂದ ನಿರ್ದೇಶಕ. ನನಗೂ ಹಾಗೇ ಅನ್ನಿಸಿತು. ಆ ಹೂಂಗಳನ್ನೆಲ್ಲ ಕತ್ತರಿಸಿ ತೆಗೆದೆವು. ಕಂಪ್ಯೂಟರಿನಲ್ಲಿ ಶ್ರುತಿ ಸ್ವಲ್ಪ ಏರಿಸಿದಾಗ ಅದು ಚಿಕ್ಕ ಹುಡುಗನ ದನಿಯಾಯಿತು. ಹಿಂದೆ ಅವರೆಕಾಯಿ ಸುಲಿಯುವ ಸದ್ದು ಬರುತ್ತಿತ್ತು, ಅದನ್ನೂ ಅಳಿಸಿದೆವು.

ಕೊನೆಯ ದೃಶ್ಯವನ್ನು ನಾನೇ ಬರೆದೆ. ಮಾತು ಹೋದ ಅಪ್ಪನಿಂದ ವೇದಿಕೆಯ ಮೇಲೆ ಏನು ಮಾಡಿಸುವುದು? ಹಾಗಾಗಿ ನಾಟಕದಲ್ಲಿ ಅಪ್ಪನಿಗೆ ಮಾತು ಉಳಿಸಿಕೊಟ್ಟೆ. ಅವನು ಮಂಚದ ಮೇಲೆ ಬಾವಿಯ ಕಥೆ ಹೇಳುತ್ತಾನೆ, ಬೆಳೆದ ಮಗ ಹಗಲಿರುಳು ಪಕ್ಕದಲ್ಲಿ ಕೂತು ಹೂಂಗುಟ್ಟುತ್ತಾನೆ. ಕೊನೆಯ ಬಾವಿಯ ಹತ್ತಿರ ಅಪ್ಪನ ದನಿ ನಿಲ್ಲುತ್ತದೆ. ಮಗನ ಒಂದು ಹೂಂ ಮಾತ್ರ ಕತ್ತಲಲ್ಲಿ ಉಳಿಯುತ್ತದೆ. ಕಥೆಯ ಅಂತ್ಯ ನನ್ನ ಹತ್ತಿರ ಇರಲಿಲ್ಲವಲ್ಲ, ಅದೂ ಅನುಕೂಲವೇ ಆಯಿತು. ಚಿಕ್ಕಬಳ್ಳಾಪುರದ ಮೊದಲ ಪ್ರದರ್ಶನದಲ್ಲಿ ಜನ ಕಣ್ಣೊರೆಸಿಕೊಂಡರು. “ಇಂಥ ಮಗ ಎಲ್ರಿಗೂ ಇರ್ಲಪ್ಪ” ಎಂದು ಹಿರಿಯರೊಬ್ಬರು ನನ್ನ ತಲೆ ಮುಟ್ಟಿದರು. ನಾನು ತಲೆ ಬಗ್ಗಿಸಿ ಕೊಟ್ಟೆ.

ಎರಡನೆಯದು ಶಿಡ್ಲಘಟ್ಟದಲ್ಲಿ, ಮದುವೆಗಳು ನಡೆಯುವ ಒಂದು ಸಭಾಂಗಣದಲ್ಲಿ. ಅಕ್ಕನನ್ನು ನಾನೇ ಕರೆದೆ. ಅಪ್ಪನ ಕಥೆಗಳನ್ನು ಅಷ್ಟು ಜನರ ನಡುವೆ ಕೇಳಿ ಖುಷಿ ಪಡುತ್ತಾಳೆ ಎಂದುಕೊಂಡಿದ್ದೆ. ಮಿಕ್ಕದ್ದರ ಬಗ್ಗೆ ಯೋಚನೆ ಮಾಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಯೋಚನೆ ಬಂದಾಗಲೆಲ್ಲ ಬೇರೆ ಕೆಲಸ ಹುಡುಕಿಕೊಂಡೆ. ಅವಳು ನೆಂಟರ ಮದುವೆಗೆ ಉಡುವ ಸೀರೆ ಉಟ್ಟು, ಮಡಿಲಲ್ಲಿ ಒಂದು ಡಬ್ಬಿ ಇಟ್ಟುಕೊಂಡು ಮೂರನೇ ಸಾಲಿನಲ್ಲಿ ಕೂತಿದ್ದಳು. ಸುತ್ತ ರೈತರು, ನೂಲು ಬಿಚ್ಚುವವರು, ಗೂಡಿನ ಮಾರ್ಕೆಟ್ಟಿನ ಮಂದಿ. ಟಿಕೆಟ್ ಕೊಂಡು ಮರ್ಯಾದೆಗೆ ಸುಮ್ಮನೆ ಕೂರುವವರಲ್ಲ. ಇಷ್ಟವಾದರೆ ಕೂರುತ್ತಾರೆ, ಇಲ್ಲದಿದ್ದರೆ ಎದ್ದು ಹೋಗುತ್ತಾರೆ.

ಆರಂಭ ಚೆನ್ನಾಗಿಯೇ ಹೋಯಿತು. ಸ್ಪೀಕರಿನಿಂದ ಹುಡುಗನ ಹೂಂ ಜಾಗಕ್ಕೆ ಸರಿಯಾಗಿ ಬರುತ್ತಿತ್ತು. ಮೊದಲ ಕಥೆ ದಾಟಿ ಬಾವಿಯ ಕಥೆಗೆ ಕೈಯಿಡುವಾಗ ಸ್ಪೀಕರ್ ಗರಗರ ಎಂದಿತು, ಸುಟ್ಟ ವಾಸನೆ ಬಂತು, ಸತ್ತಿತು. ದೀಪಗಳು ಉಳಿದವು. ಸಭಾಂಗಣದ ಹಿಂದಿನಿಂದ ನಿರ್ದೇಶಕ ಎರಡೂ ಕೈ ಅಡ್ಡ ಹಿಡಿದು ತೋರಿಸಿದ. ಧ್ವನಿ ಇಲ್ಲ.

ನಾನು ಅಪ್ಪನ ದನಿಯಲ್ಲಿ “ಗೌಡ ಬುತ್ತಿ ಕಟ್ಕಂಡು ಹೊರಟ” ಎಂದೆ. ಹೂಂ ಬರಬೇಕಾದ ಜಾಗ ಖಾಲಿ ಬಿತ್ತು. ಆಗ ಮೂರನೇ ಸಾಲಿನಿಂದ ‘ಹೂಂ’ ಎಂದು ಬಂತು.

ಅಕ್ಕ ಬೇಕೆಂದು ಅಂದದ್ದಲ್ಲ. ಅಪ್ಪನ ಮಾತಿನ ಧಾಟಿ ಅಲ್ಲಿಗೆ ಬಂದು ನಿಂತರೆ ಅವಳ ಬಾಯಿಂದ ಅದು ಬಂದೇ ಬರುತ್ತದೆ. ಮುಂದಿನ ಮಾತಿಗೂ ಬಂತು, ಅದರ ಮುಂದಿನದಕ್ಕೂ. ಅಕ್ಕಪಕ್ಕದವರು ತಿರುಗಿ ನೋಡಿ ನಕ್ಕರು. ನಾಟಕವೇ ಹೀಗೆ ಎಂದುಕೊಂಡು ಸುಮ್ಮನಾದರು. ತಮಾಷೆ ಬಂದಾಗ ಅವಳ ಹೂಂ ಉಬ್ಬುತ್ತಿತ್ತು, ಗೌಡ ದಣಿದಾಗ ಇಳಿಯುತ್ತಿತ್ತು. ನನಗೆ ಅಪ್ಪನ ವೇಗ, ಅಪ್ಪನ ಕೆಮ್ಮು, ಅಪ್ಪ ಕೈ ಬೀಸುವ ರೀತಿ ಎಲ್ಲ ತಾವಾಗಿ ಒದಗಿ ಬಂದವು. ಅಷ್ಟು ಚೆನ್ನಾಗಿ ನಾನು ಯಾವತ್ತೂ ಆಡಿರಲಿಲ್ಲ.

ಕೊನೆಯ ದೃಶ್ಯ ಬಂತು. ಬೆಳಕು ಮಂಚದಷ್ಟಕ್ಕೆ ಕುಗ್ಗಿತು. ನಾನು ಮಗನಾಗಿ ನೆಲದ ಮೇಲೆ ಕೂತು ಹೇಳಿದೆ: “ಅಪ್ಪನ ಮಂಚ ಬಿಟ್ಟು ನಾನು ಏಳಲಿಲ್ಲ.” ಮಂಚಕ್ಕೆ ಹೊರಳಿ ಅಪ್ಪನಾದೆ, ಕಥೆ ಎತ್ತಿಕೊಂಡೆ. ಮೂರನೇ ಸಾಲಿನಿಂದ ಏನೂ ಬರಲಿಲ್ಲ. ಇನ್ನೊಂದು ಮಾತು ಹೇಳಿ ಕಾದೆ. ಬರಲಿಲ್ಲ.

ಅಪ್ಪನ ಕಾನೂನಿನ ಪ್ರಕಾರ ನಾನು ಅಲ್ಲಿಗೆ ಬಾಯಿ ಮುಚ್ಚಬೇಕಿತ್ತು. ಮುಚ್ಚಲಿಲ್ಲ. ದನಿ ಬದಲಿಸಿ, ಕಣ್ಣಲ್ಲಿ ನೀರು ತಂದುಕೊಂಡು, ನಾನೇ ಹೂಂ ಎಂದೆ. ಕೊನೆಯ ಹೂಂ ಅನ್ನು ಬೇಕಾದಷ್ಟು ಎಳೆದೆ. ದೀಪ ಆರಿತು. ಚಪ್ಪಾಳೆ ಬಿತ್ತು, ಬಹಳ ಹೊತ್ತು ಬಿತ್ತು. ನಾನು ಎದ್ದು ಕೈಮುಗಿದೆ. ಕೈಮುಗಿದಾಗ ಮೂರನೇ ಸಾಲಿನ ಕಡೆ ನೋಡಲಾಗಲಿಲ್ಲ.

ಜನ ಕರಗಿದ ಮೇಲೆ ಅಕ್ಕ ಕೈ ತೊಳೆಯುವ ನಲ್ಲಿಗಳ ಹತ್ತಿರ ಕಾಯುತ್ತಿದ್ದಳು. ಡಬ್ಬಿ ಕೊಟ್ಟಳು, ನಿಪ್ಪಟ್ಟು. “ಚೆನ್ನಾಗಿತ್ತು ಕಣೋ. ಅಪ್ಪ ಕೆಮ್ಮಿದಂಗೇ ಕೆಮ್ಮಿದೆ.” ಆಮೇಲೆ ಕೇಳಿದಳು, “ಆ ಹುಡ್ಗ ಯಾರೋ?”

“ಯಾವ ಹುಡ್ಗ?”

“ಅಪ್ಪನ ಹತ್ರ ಕೂತಿದ್ನಲ್ಲ, ಹೂಂ ಅನ್ಕಂಡು.”

“ನಾನೇ ಅಕ್ಕ. ಅಂದ್ರೆ… ನಾಟಕಕ್ಕೆ ಹಂಗೆ.”

“ಹೌದಾ? ಮೊದ್ಲಲ್ಲಿ ಬಾಕ್ಸಲ್ಲಿ ಬರ್ತಿತ್ತಲ್ಲ ಹೂಂ, ಅದು ನಮ್ಮ ಮಗಳ ದನಿ ಇದ್ದಂಗಿತ್ತು.”

“ಅದು ಕಂಪ್ಯೂಟರ್‌ದು ಅಕ್ಕ” ಎಂದೆ.

ಅವಳು ನನ್ನ ಮುಖವನ್ನು ಒಂದು ಕ್ಷಣ ನೋಡಿ, “ಹುಳ ಹಣ್ಣಾಗೋ ಹೊತ್ತು, ಬಸ್ಸು ಸಿಕ್ತದೋ ಇಲ್ವೋ, ಬರ್ತೀನಿ” ಎಂದು ಹೊರಟಳು.

ನಾಚಿಕೆಯಲ್ಲಿ ನನಗೆ ಗೊತ್ತಿದ್ದದ್ದು ವೇದಿಕೆಯ ಮೇಲೆ ಮಾತು ಮರೆತಾಗ, ಅಂಟಿಸಿದ ಗಡ್ಡ ಕಿತ್ತುಬಂದಾಗ ಆಗುವಂಥದ್ದು. ಅದು ಮುಖ ತೊಳೆದರೆ ಹೋಗುತ್ತದೆ. ಇದು ಹೋಗಲಿಲ್ಲ. ಅವಳ ದನಿ ಕದ್ದೆ, ಜಾಗ ಕದ್ದೆ. ಕೊನೆಗೆ ಎದುರು ನಿಂತು ಕೇಳಿದಾಗ ಯಂತ್ರದ ಮೇಲೆ ಹಾಕಿದೆ. ಮರುದಿನ ಚಿಂತಾಮಣಿಯ ಬಸ್ಸಿನಲ್ಲಿ ಕೂತು ಮೂಲ ರೆಕಾರ್ಡಿಂಗ್ ಕೇಳಿದೆ. ಪ್ರತಿ ಮಾತಿನ ಕೊನೆಗೂ ಅವಳು ನನಗಾಗಿ ಕಾದಿದ್ದಳು. ಆ ಕಾಯುವಿಕೆ ಎಷ್ಟು ಉದ್ದವಿತ್ತೆಂದು ಆವತ್ತೇ ಕೇಳಿಸಿಕೊಂಡದ್ದು.

ಅಕ್ಕ ಹುಳು ಮನೆಯ ಬಾಗಿಲಲ್ಲೇ ತಡೆದಳು. “ಪೌಡರ್ ವಾಸ್ನೆ ಇಟ್ಕಂಡು ಒಳಗೆ ಬರ್ಬೇಡಪ್ಪ, ಹುಳಕ್ಕೆ ಆಗಲ್ಲ. ತೊಳ್ಕಂಡ್ ಬಾ.” ಹಿಂದಿನ ದಿನದ ಮೇಕಪ್ಪು ಕಿವಿಯ ಹಿಂದೆ ಉಳಿದಿತ್ತು. ಸೋಪು ಹಾಕದೆ ಬರೀ ನೀರಿನಲ್ಲಿ ತಿಕ್ಕಿ ತಿಕ್ಕಿ ತೊಳೆದು, ಕಾಲಿಗೆ ನೀರು ಹಾಕಿಕೊಂಡು ಒಳಗೆ ಹೋದೆ. ಹಣ್ಣಾದ ಹುಳುಗಳ ಮೈ ಹೊಳೆಯುತ್ತಿತ್ತು. ಅಕ್ಕ ಅವನ್ನು ಆರಿಸಿ ಚಂದ್ರಿಕೆಗೆ ಬಿಡುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತು ಕೈಹಾಕಿದೆ.

“ಅಕ್ಕ, ಆ ಹೂಂ ಕಂಪ್ಯೂಟರ್‌ದಲ್ಲ. ನಿಂದೇ.”

“ಗೊತ್ತು ಬಿಡು. ನನ್ ದನಿ ನಂಗೆ ಗೊತ್ತಾಗಲ್ವೇನೋ? ನೀನು ಏನಂತೀಯ ನೋಡಣ ಅಂತ ಕೇಳ್ದೆ.”

ಅವಳ ಕೈ ನಿಲ್ಲಲಿಲ್ಲ. ನಾನು ಹುಳುವೊಂದನ್ನು ಚಂದ್ರಿಕೆಗೆ ಬಿಟ್ಟು, “ಕೊನೇಲಿ ಯಾಕೆ ಹೂಂ ಅನ್ಲಿಲ್ಲ?” ಎಂದು ಕೇಳಿದೆ.

“ಆಗದೇ ಇರೋದಕ್ಕೆ ಹೆಂಗೋ ಹೂಂ ಅನ್ನೋದು? ನೀನು ಪಕ್ಕದಲ್ಲಿದ್ದೆ ಅಂತ ಹೇಳ್ಕ, ನಂಗೇನೂ ಇಲ್ಲ. ಅಪ್ಪಂಗೆ ಮಾತೇ ಇರ್ಲಿಲ್ವಲ್ಲೋ. ಕಥೆ ಹೇಳ್ತಿದ್ದೋಳು ನಾನು. ಸಾಯಂಕಾಲದ ಸೊಪ್ಪು ಹಾಕ್ಬಿಟ್ಟು ಬಂದು ಮಂಚದ ಹತ್ರ ಕೂತ್ಕಂಡು ಹೇಳ್ತಿದ್ದೆ. ಅಪ್ಪನ ಕಥೆ ಅಪ್ಪಂಗೇ. ಅಪ್ಪ ಹೂಂ ಅಂತಿದ್ದ. ಅದೊಂದು ಉಳ್ದಿತ್ತು ಅವನಿಗೆ.”

ನನ್ನ ಕೈಯಲ್ಲಿದ್ದ ಹುಳು ಕೈಯಲ್ಲೇ ಉಳಿಯಿತು. ಅವಳು ಆವತ್ತು ಹೇಳಲು ಹೊರಟಿದ್ದು, ನಾನು ಉಪಯೋಗಕ್ಕೆ ಬರಲ್ಲ ಎಂದು ನಿಲ್ಲಿಸಿದ್ದು ಇದನ್ನೇ.

“ನಾನು ಬಂದಾಗ ಅಪ್ಪ ಒಂದು ಸದ್ದೂ ಮಾಡ್ತಿರ್ಲಿಲ್ವಲ್ಲ ಅಕ್ಕ?”

“ನೀನೇನಾದ್ರೂ ಹೇಳಿದ್ರೆ ತಾನೆ ಹೂಂ ಅನ್ನೋದು.”

ಬೈದು ಹೇಳಿದ್ದಲ್ಲ. ಹುಳು ಆರಿಸುತ್ತ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನಾನು ಅತ್ತೆ. ಈ ಸಲ ತಂದುಕೊಂಡ ನೀರಲ್ಲ ಎಂಬುದಷ್ಟೇ ಅದರಲ್ಲಿ ಹೇಳಿಕೊಳ್ಳುವ ಸಂಗತಿ.

ಅಲ್ಲೇ ನಿರ್ಧಾರ ಮಾಡಿದೆ. “ಇನ್ನು ಅದನ್ನ ಆಡಲ್ಲ. ನೀನು ಬೇಡ ಅಂದ್ರೆ ನಾಟಕಾನೇ ನಿಲ್ಲಿಸ್ತೀನಿ.”

“ನಿಲ್ಸಿ ಏನ್ ಮಾಡ್ತೀಯ, ಮತ್ತೆ ಪೊಲೀಸ್ ಪೇದೆ ಆಗ್ತೀಯಾ?” ಎಂದು ನಕ್ಕಳು. “ಆದದ್ದನ್ನ ಆಡು. ಮೊದ್ಲು ಹೂಂ ಅನ್ನೋದ್ ಕಲ್ತ್ಕ.”

ಬಾವಿಯ ಕಥೆ ಎತ್ತಿಕೊಂಡಳು. ನಾನು ಹೂಂ ಎಂದೆ. “ಅದು ಸ್ಟೇಜಿಂದು. ದನಿ ದಪ್ಪ ಮಾಡ್ಬೇಡ” ಎಂದಳು. ಮತ್ತೆ ಹೂಂ ಎಂದೆ. ಸ್ವಲ್ಪ ದೂರ ಚೆನ್ನಾಗಿ ಸಾಗಿತು. ಅಷ್ಟರಲ್ಲಿ ಅವಳು ಹುಳುವನ್ನು ಬೆರಳ ತುದಿಯಲ್ಲಿ ಎತ್ತುವ ಬಗೆ ಕಣ್ಣಿಗೆ ಬಿತ್ತು. ಇದನ್ನು ವೇದಿಕೆಯ ಮೇಲೆ ಹೇಗೆ ಮಾಡಬಹುದು ಎಂದು ನನ್ನ ಕೈ ತಾನಾಗಿ ಅಳೆಯತೊಡಗಿತು. ಒಂದು ಹೂಂ ತಪ್ಪಿತು. ಅಕ್ಕ ಅಪ್ಪನ ಹಾಗೆಯೇ ಕತ್ತೆತ್ತಿ ನೋಡಿದಳು. ನಾನು ಸಾವರಿಸಿಕೊಳ್ಳುವುದರೊಳಗೆ ಇನ್ನೊಂದೂ ತಪ್ಪಿತು.

“ನನ್ನ ನೋಡ್ಕಂತಿದ್ದೆ, ಕೇಳ್ತಿರ್ಲಿಲ್ಲ” ಎಂದಳು. “ಕಥೆ ನಿದ್ದೆ ಹೋಯ್ತು. ಹುಳ ಬಿಡು.”

ಅಷ್ಟೆಲ್ಲ ಆದ ಮೇಲೂ ನನ್ನ ಬುದ್ಧಿ ಇಷ್ಟೇ. ಸಂಜೆಯ ತನಕ ಹುಳು ಬಿಟ್ಟೆ.

ಕೊನೆಯ ದೃಶ್ಯದಲ್ಲಿ ಮಾತು ಹೋದ ಅಪ್ಪನಾಗಿ ಮಲಗಿ ಹೂಂ ಮಾತ್ರ ಅನ್ನುತ್ತೇನೆ ಎಂದಾಗ ನಿರ್ದೇಶಕ ತಲೆ ಹಿಡಿದುಕೊಂಡ. “ಕೊನೇ ಹತ್ತು ನಿಮಿಷ ಬರೀ ಹೂಂ ಅಂದ್ಕೊಂಡು ಮಲ್ಗಿದ್ರೆ ಯಾರು ನೋಡ್ತಾರೆ ಗುರು?” ನಾನು ಪಟ್ಟು ಬಿಡಲಿಲ್ಲ. ರೆಕಾರ್ಡಿಂಗಿನ ಹೂಂಗಳನ್ನು ಅವನ ಎದುರಿಗೇ ಅಳಿಸಿದೆ. ಟವೆಲು ಮತ್ತೆ ಹೆಗಲಿಗೆ ಬಂತು. ಜಾರದಂತೆ ಒಳಗೊಂದು ಪಿನ್ನು ಹಾಕಿಕೊಂಡೆ. ಮೂರು ಪಾತ್ರಕ್ಕೆ ಉಸಿರು ಸಾಲದ ಕಡೆ ನಿಂತು, ಉಸಿರು ತೆಗೆದುಕೊಂಡು, ಮುಂದೆ ಹೋಗುವುದೆಂದು ತೀರ್ಮಾನವಾಯಿತು.

ಮುಂದಿನ ವಾರ ಗೌರಿಬಿದನೂರಿನಲ್ಲಿ ಪ್ರದರ್ಶನ. ಕುಡುಮಲಕುಂಟೆಯ ಕಾರ್ಖಾನೆಗಳಿಂದ ಬಂದವರೇ ಹೆಚ್ಚು. ಕೆಲವರು ಇನ್ನೂ ಯೂನಿಫಾರ್ಮಿನಲ್ಲೇ ಇದ್ದರು. ಅಕ್ಕ ಬರಲಿಲ್ಲ. ಗೂಡು ಬಿಡಿಸಿ ಮಾರ್ಕೆಟ್ಟಿಗೆ ಸಾಗಿಸುವ ದಿನ ಅದೇ ಆಗಿತ್ತು.

ಕೊನೆಯ ದೃಶ್ಯಕ್ಕೆ ಮಂಚದ ಪಕ್ಕ ಒಂದು ಖಾಲಿ ಸ್ಟೂಲು ಇಟ್ಟೆ. ಟವೆಲು ಬಿಚ್ಚಿ ಅದರ ಮೇಲೆ ಹಾಕಿ ಜನರಿಗೆ ಹೇಳಿದೆ: “ಅಪ್ಪನಿಗೆ ಮಾತು ಹೋಗಿತ್ತು. ನಾನು ಅಲ್ಲಿರಲಿಲ್ಲ. ಅಕ್ಕ ಇದ್ದಳು. ಕಥೆ ಹೇಳಿದ್ದು ಅವಳು.” ಆಮೇಲೆ ಅಪ್ಪನಾಗಿ ಮಂಚದ ಮೇಲೆ ಮಲಗಿದೆ. ಅಕ್ಕನ ದನಿಯಲ್ಲಿ ಬಾವಿಯ ಕಥೆಯನ್ನು ಮನಸ್ಸಿನಲ್ಲಿ ಕೇಳಿಕೊಳ್ಳುತ್ತ, ಜಾಗ ಬಂದ ಕಡೆ ಹೂಂ ಎಂದೆ. ಬೇರೆ ಮಾತಿಲ್ಲ. ಯಾರೋ ಕಿಸಕ್ಕೆಂದರು. ಒಬ್ಬ ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದ. ಕೆಮ್ಮು, ಕುರ್ಚಿಯ ಸದ್ದು ಎಲ್ಲ ನಿಧಾನಕ್ಕೆ ಅಡಗಿತು. ನಾನು ಗೌಡನ ಜೊತೆ ಊರೂರು ಅಲೆದು, ತೆಲುಗು ಬಾವಿಗಳಿಂದ ಬೈಸಿಕೊಂಡು, ಕೊನೆಯ ಬಾವಿಯ ತನಕ ಬಂದೆ. ಅಲ್ಲಿಂದಾಚೆಗೆ ನನಗೆ ಕೇಳಿಸಲಿಲ್ಲ. ಕೇಳಿಸದ್ದಕ್ಕೆ ಹೂಂ ಎನ್ನಲು ಬಾಯಿ ಬರಲಿಲ್ಲ. ಸುಮ್ಮನಾದೆ. ದೀಪ ಆರಿತು.

ಚಪ್ಪಾಳೆ ಅಲ್ಲೊಂದು ಇಲ್ಲೊಂದು. “ಮುಂದೇನಾಯ್ತು ಸಾರ್, ಬಾವಿಗೆ ಹೆಣ್ಣು ಸಿಕ್ತಾ?” ಎಂದು ಒಬ್ಬ ಕೆಲಸಗಾರ ಕೇಳಿದ. ಗೊತ್ತಿಲ್ಲ ಎಂದೆ. ಅವನು ಹಣ ಕೊಟ್ಟು ಅರ್ಧ ಊಟ ಮಾಡಿದವನ ಹಾಗೆ ನೋಡಿ ಹೋದ. “ಹಿಂದಿನದೇ ಚೆನ್ನಾಗಿತ್ತು” ಎಂದ ನಿರ್ದೇಶಕ. ಇರಬಹುದು.

ಮಂಚವನ್ನು ಹೊರಗೆ ತಂದಿಟ್ಟು ವ್ಯಾನಿಗೆ ಕಾಯುವಾಗ ಅಕ್ಕನ ಫೋನು ಬಂತು.

“ಹೆಂಗಾಯ್ತೋ?”

“ಕೊನೇ ಬಾವಿ ತನಕ ಹೂಂ ಅಂದೆ ಅಕ್ಕ. ಅಲ್ಲಿಂದಾಚೆ ನಂಗೆ ಗೊತ್ತಿಲ್ವಲ್ಲ, ನಿಲ್ಲಿಸ್ಬಿಟ್ಟೆ.”

“ಗೂಡು ಇವತ್ತು ಮಾರ್ಕೆಟ್ಟಿಗೆ ಹೋಯ್ತು” ಎಂದಳು. “ಇನ್ನು ಹೇಳ್ಬೋದು. ಪುರುಸೊತ್ತಿದೆಯಾ?”

ವ್ಯಾನು ಬಂತೆಂದು ನಿರ್ದೇಶಕ ಕೂಗುತ್ತಿದ್ದ. ಸ್ವಲ್ಪ ತಡಿ ಎಂದು ಕೈ ತೋರಿಸಿ, ಅಪ್ಪನ ಮಂಚದ ಮೇಲೆ ಕೂತೆ.

“ಗೌಡ ಕೊನೇ ಬಾವಿ ಹತ್ರ ಬಂದು ನಿಂತ್ಕಂಡ” ಎಂದು ಅಕ್ಕ ಕಾದಳು.

“ಹೂಂ” ಎಂದೆ.